ನರ್ಸ್ ಕೆಲಸದ ಟೆನ್ಷನ್ ಅಳೆಯೋಕಾಗುತ್ತಾ?

ಪ್ರಶ್ನೆ: ಮೇಡಂ, ನಾನು ಕೋಲಾರದ ಒಂದು ಆಸ್ಪತ್ರೇಲಿ ಸ್ಟಾಫ್ ನರ್ಸು. ನೈಟ್ ಡ್ಯೂಟಿ ಮುಗಿಸಿ ಬಂಗಾರಪೇಟೆ ಬಸ್ ಹತ್ತಿ ಮನೆಗೆ ಹೋದ್ರೂ ನಿದ್ದೆ ಬರಲ್ಲ, ವಾರ್ಡಿನ ಬೆಲ್ ಕಿವೀಲೇ ಇರುತ್ತೆ. ಹೇಳಿದ್ರೆ ಇನ್‌ಚಾರ್ಜ್ ಸಿಸ್ಟರ್ "ಎಲ್ಲಾರ್ಗೂ ಇರೋದೇ ಬಿಡಮ್ಮ" ಅಂತಾರೆ. ಬಿಪಿ ಥರ ಇದನ್ನ ಅಳೆದು ತೋರಿಸೋಕಾಗುತ್ತಾ?

ಉತ್ತರ: ಆಗುತ್ತಮ್ಮ. ನರ್ಸ್‌ಗಳಿಗೇ ಅಂತ 'ನರ್ಸಿಂಗ್ ಸ್ಟ್ರೆಸ್ ಸ್ಕೇಲ್' ಅನ್ನೋ ಪ್ರಶ್ನಾವಳಿ ಇದೆ, 1981ರಲ್ಲಿ ಬಂದಿದ್ದು, 34 ಪ್ರಶ್ನೆ, ಪೇಷಂಟ್ ಸಾವು ನೋಡೋದು, ಡಾಕ್ಟರ್ ಜೊತೆ ಜಗಳ, ಜೊತೆಯವರ ಜೊತೆ ಕಿರಿಕಿರಿ, ಹೇಳ್ಕೊಳ್ಳೋಕೆ ಯಾರೂ ಇಲ್ದಿರೋದು, ಕೆಲಸದ ಹೊರೆ ಹೀಗೆ 7 ಭಾಗ. ಪ್ರತಿಯೊಂದಕ್ಕೂ 'ಯಾವತ್ತೂ ಇಲ್ಲ'ದಿಂದ 'ತುಂಬಾ ಸಲ'ದವರೆಗೆ 4 ಉತ್ತರ. ನನಗೆ ಇದ್ರಲ್ಲಿ ಇಷ್ಟ ಆಗೋದು ಒಟ್ಟು ಮಾರ್ಕ್ಸ್ ಅಲ್ಲ, ಯಾವ ಭಾಗದಲ್ಲಿ ಜಾಸ್ತಿ ಬಂತು ಅನ್ನೋದು. ಯಾಕಂದ್ರೆ ಕೆಲಸದ ಹೊರೇಲಿ ಜಾಸ್ತಿ ಬಂದ್ರೆ ಬೇಕಾಗಿರೋದು ಇನ್ನೊಂದಿಬ್ರು ಸ್ಟಾಫು, ನಿಮಗೆ ಧ್ಯಾನ ಮಾಡು ಅಂತ ಉಪದೇಶ ಅಲ್ಲ.

ಟೆನ್ಷನ್ ನಮಗೆಷ್ಟು ಅನ್ನಿಸ್ತಿದೆ ಅಂತ ಅಳೆಯೋ 'ಪರ್ಸೀವ್ಡ್ ಸ್ಟ್ರೆಸ್ ಸ್ಕೇಲ್' ಅಂತ 10 ಪ್ರಶ್ನೇದೂ ಇದೆ, ಹೋದ ಒಂದು ತಿಂಗಳದ್ದು ಕೇಳುತ್ತೆ, 40ಕ್ಕೆ ಲೆಕ್ಕ. ಆದ್ರೆ ಇವು ಕಾಯಿಲೆ ಹೇಳೋ ಟೆಸ್ಟ್ ಅಲ್ಲ. ಒಬ್ರೇ ತುಂಬಿ ಒಬ್ರೇ ತಗೊಂಡು ಹೋಗ್ಬೇಡಿ, ವಾರ್ಡಿನೋರೆಲ್ಲ ಹೆಸರು ಹಾಕ್ದೆ ತುಂಬಿ ಮೇಟ್ರನ್ ಮುಂದಿಡಿ, ಆಗ "ಎಲ್ಲಾರ್ಗೂ ಇರೋದೇ" ಅನ್ನೋ ಮಾತೇ ನಿಮ್ಮ ಪರವಾಗಿ ಸಾಕ್ಷಿ ಆಗುತ್ತೆ.

ನಿದ್ದೆ ವಿಷಯಕ್ಕೆ ಮಾತ್ರ ಕಾಯ್ಬೇಡಿ, ಇವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡ್ಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.