ಕಲ್ಲಿನ ಮೇಲಿಟ್ಟ ಕಾಲು

‘ರಾತ್ರಿಯೆಲ್ಲ ಸಿನಿಮಾ ನೋಡುತ್ತಾರೆ, ಈ ಚಟ ಬಿಡಿಸಿಕೊಡಿ’ ಎಂದು ಮನೆಯವರು ಕರೆತರುವ ಗಂಡಸರು ಮಡಿಕೇರಿಯ ನನ್ನ ಆಪ್ತಸಲಹೆಯ ಕೋಣೆಗೆ ಮತ್ತೆ ಮತ್ತೆ ಬರುತ್ತಾರೆ. ಅವರಲ್ಲಿ ಒಬ್ಬರ ಕಥೆಯನ್ನು ಅವರದೇ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಐವತ್ತು ದಾಟಿದ ಕಾಫಿ ಬೆಳೆಗಾರರು. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ತಮ್ಮನನ್ನು ಕಳೆದುಕೊಂಡರು. ಅಲ್ಲಿಂದಾಚೆ ಮನೆಯಲ್ಲಿ ಯಾರಾದರೂ ದೇವರ ಹೆಸರೆತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದರು. ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ಮಿಂದು ಬಾ ಎಂದು ಹಿರಿಯರು ಒತ್ತಾಯಿಸಿದರೆ, 2020ರಲ್ಲಿ ಬ್ರಹ್ಮಗಿರಿ ಕುಸಿದು ಅಲ್ಲಿನ ಅರ್ಚಕರ ಮನೆಯೇ ಮಣ್ಣುಪಾಲಾದದ್ದನ್ನು ನೆನಪಿಸುತ್ತಿದ್ದರು. ಹಿರಿಯರ ಬಳಿ ಅದಕ್ಕೆ ಉತ್ತರವಿರಲಿಲ್ಲ. ನನ್ನ ಬಳಿಯೂ ಇಲ್ಲ.

ಮೊದಲೆರಡು ಭೇಟಿಯಲ್ಲಿ ಮಾತೇ ಹೊರಡಲಿಲ್ಲ. ಮೂರನೆಯ ಸಲ ತಮ್ಮನ ವಿಷಯ ಬಿಟ್ಟು, ನಿನ್ನೆ ರಾತ್ರಿ ಯಾವ ಸಿನಿಮಾ ನೋಡಿದಿರಿ ಎಂದು ಕೇಳಿದೆ.

‘ಬೇಡರ ಕಣ್ಣಪ್ಪ.’

ರಾಜ್‌ಕುಮಾರ್ ನಾಯಕರಾದ, 1954ರ ಚಿತ್ರ. ಮೊನ್ನೆಯೂ ಅದೇ, ಆಚೆ ಮೊನ್ನೆಯೂ ಅದೇ ಅಂತೆ. ಪೂರ್ತಿ ನೋಡುತ್ತೀರಾ ಎಂದೆ.

‘ಇಲ್ಲ ಮೇಡಂ, ಕೊನೆ ಮಾತ್ರ. ಒಂದು ಕಣ್ಣು ಕಿತ್ತು ಕೊಟ್ಟಾಯಿತು. ಇನ್ನೊಂದನ್ನೂ ಕೀಳಬೇಕು. ಆಮೇಲೆ ಅವನಿಗೆ ಏನೂ ಕಾಣುವುದಿಲ್ಲವಲ್ಲ, ಜಾಗ ತಿಳಿಯಬೇಡವೇ? ಅದಕ್ಕೇ ಶಿವನ ಕಣ್ಣಿನ ಮೇಲೆ ಕಾಲಿಡುತ್ತಾನೆ.’

ಹೇಳುತ್ತ ಹೇಳುತ್ತ ಬಲಗಾಲಿನ ಚಪ್ಪಲಿ ಕಳಚಿ, ಹೆಬ್ಬೆರಳನ್ನು ನೆಲಕ್ಕೆ ಒತ್ತಿ ಹಿಡಿದರು. ಉಗುರು ಬೆಳ್ಳಗಾಯಿತು. ಬಹಳ ಹೊತ್ತು ಕಾಲು ತೆಗೆಯಲಿಲ್ಲ.

‘ನಾನೂ ಕಾಲಿಟ್ಟಿದ್ದೇನೆ. ತಮ್ಮನ ದೇಹ ಸಿಕ್ಕಿದ ದಿನ ನಮ್ಮ ಮನೆತನದ ಮೂಲಮನೆ ಐನ್‌ಮನೆಯ ಕೈಮಡಕ್ಕೆ, ಹಿರಿಯರ ಗುಡಿಗೆ ಹೋಗಿ ಕಲ್ಲಿಗೆ ಒದ್ದೆ. ವರ್ಷ ವರ್ಷವೂ ಮಾಂಸ, ಮದ್ಯ ಇಟ್ಟು ಕೈಮುಗಿದ, ನಮ್ಮ ಮೂಲಪುರುಷ ಗುರುಕಾರೋಣನ ಕಲ್ಲಿಗೆ. ಅವನದೂ ಕಾಲು, ನನ್ನದೂ ಕಾಲು.’

ಪಕ್ಕದಲ್ಲಿ ಕುಳಿತಿದ್ದ ಪತ್ನಿಗೂ ಇದು ಗೊತ್ತಿರಲಿಲ್ಲ. ಗಂಡನಿಗೆ ನಂಬಿಕೆಯೇ ಹೋಗಿದೆ ಎಂದು ಅವರು ತಿಳಿದಿದ್ದರು. ನಾನೂ ಹಾಗೆಯೇ ಬರೆದುಕೊಂಡಿದ್ದೆ. ನಂಬಿಕೆ ಹೋದವನಿಗೆ ಕೈಮಡದ ಕಲ್ಲು ಬರಿಯ ಕಲ್ಲು. ಅದಕ್ಕೆ ಒದ್ದದ್ದು ವರ್ಷಗಟ್ಟಲೆ ನಿದ್ದೆ ಕೆಡಿಸುವುದಿಲ್ಲ. ಆ ಸಾಲನ್ನು ಅವತ್ತೇ ಹೊಡೆದುಹಾಕಿದೆ.

ನಿದ್ದೆಗೆಟ್ಟು ವರ್ಷಗಳೇ ಆಗಿದ್ದರಿಂದ ಮೊದಲು ಮನೋವೈದ್ಯರ ಬಳಿ ಕಳುಹಿಸಿದೆ. ಖಿನ್ನತೆಗೆ ಸಿನಿಮಾ ಮದ್ದಲ್ಲ. ಸಾಯುವ ಯೋಚನೆ ಬರುತ್ತಿದ್ದರೆ ಒಂದು ದಿನವೂ ಕಾಯಬಾರದು; ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಸಿನಿಮಾ ಬಿಡಿ ಎಂದು ಮಾತ್ರ ನಾನು ಹೇಳಲಿಲ್ಲ. ರಾತ್ರಿ ಹಾಸಿಗೆಯಲ್ಲಿ ಮೊಬೈಲ್ ಬೇಡ. ವಾರಕ್ಕೊಂದು ಚಿತ್ರ, ಸಂಜೆಯ ಹೊತ್ತಿನಲ್ಲಿ, ಪತ್ನಿಯ ಜೊತೆ ಕುಳಿತು, ಮೊದಲಿನಿಂದ ಕೊನೆಯವರೆಗೆ. ಮುಗಿದ ಮೇಲೆ ಇಬ್ಬರೂ ತಮ್ಮನ್ನು ತಟ್ಟಿದ ಒಂದೊಂದು ದೃಶ್ಯ ಹೇಳಬೇಕು, ಏಕೆ ಎಂದೂ ಹೇಳಬೇಕು.

ತಪ್ಪುಕಾಣಿಕೆ ಹಾಕಿಸಿ ಎಂದು ಏಕೆ ಹೇಳಲಿಲ್ಲವೆಂದು ಅವರ ಚಿಕ್ಕಪ್ಪ ಫೋನ್ ಮಾಡಿ ಕೋಪಿಸಿಕೊಂಡರು. ಒಳಗಿನ ವಿಷಯ ಅವರಿಗೆ ತಿಳಿಸುವಂತಿರಲಿಲ್ಲ, ಆದ್ದರಿಂದ ಇಲ್ಲಿ ಹೇಳುತ್ತೇನೆ. ತಪ್ಪುಕಾಣಿಕೆ ಹಾಕುವವನಿಗೆ ತಪ್ಪೊಪ್ಪಿಕೊಳ್ಳುವ ಬಾಯಿ ಮೊದಲು ಬರಬೇಕು. ‘ನಾನು’ ಎಂದು ಆರಂಭಿಸಲಾಗದವರು ‘ಅವನು’ ಎಂದು ಆರಂಭಿಸುತ್ತಾರೆ. ಪರದೆಯ ಮೇಲಿನ ಬೇಡನೊಬ್ಬ ಅದಕ್ಕೆ ಒದಗಿದ. ಅಲ್ಲಿಂದ ಮುಂದೆ ದೇವರ ಕಡೆಗೆ ಹೋಗುವುದೋ ಬಿಡುವುದೋ ಅವರದೇ ನಿರ್ಧಾರ. ಆ ದಾರಿಯಲ್ಲಿ ಅವರನ್ನು ತಳ್ಳುವ ಹಕ್ಕು ಸಲಹೆಗಾರರಿಗಿಲ್ಲ ಎಂದೇ ನಾನು ನಂಬಿದ್ದೇನೆ. ಮನೆಯವರಿಗೂ ಇಲ್ಲ.

ಸುಗ್ಗಿಹಬ್ಬ ಪುತ್ತರಿಯ ನಂತರ ಪತ್ನಿ ಒಬ್ಬರೇ ಬಂದಿದ್ದರು. ಗಂಡ ಕೈಮಡಕ್ಕೆ ಹೋಗಿ, ಪಾಚಿ ಕಟ್ಟಿದ್ದ ಕಲ್ಲನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದು ಬಂದರಂತೆ. ದೀಪ ಹಚ್ಚಲಿಲ್ಲ. ಏಕೆಂದು ಪತ್ನಿಯೂ ಕೇಳಲಿಲ್ಲ.