ಪ್ರತಿಕ್ರಿಯೆ: ಎರಡು ಡಯೋಡ್‌ಗಳೂ ಶಾರ್ಟ್ ಎಂದು ಮೀಟರ್ ತೋರಿಸಿದಾಗ
ಗಂಗಾವತಿಯ ತಮ್ಮ ಗದ್ದೆಯ ಸ್ಪ್ರೇಯರ್‌ನ ಟ್ರಾನ್ಸ್‌ಫಾರ್ಮರ್ ಚಾರ್ಜರಿನಲ್ಲಿ, ನಾಲ್ಕು 1ಎನ್4007 ಡಯೋಡ್‌ಗಳ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗಗಳು) ಪೈಕಿ ಪ್ಲಸ್ ಬದಿಯ ಎರಡೂ, ಮಲ್ಟಿಮೀಟರಿನ ಪ್ರೋಬ್ ಅದಲುಬದಲು ಮಾಡಿದರೂ ಸೊನ್ನೆಯ ಆಸುಪಾಸನ್ನೇ ತೋರಿಸುತ್ತಿವೆ ಎಂದು ಬರೆದಿದ್ದೀರಿ. ಬಹುಶಃ ಕೆಟ್ಟಿರುವುದು ಒಂದೇ. ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ (ಔಟ್‌ಪುಟ್ ಬದಿಯ) ಸುರುಳಿಯ ರೋಧ ತೀರಾ ಕಡಿಮೆಯಿರುವುದರಿಂದ, ಒಂದು ಡಯೋಡ್ ಶಾರ್ಟ್ ಆದರೆ (ಎರಡೂ ದಿಕ್ಕಿಗೆ ಕರೆಂಟ್ ಬಿಟ್ಟರೆ) ಆ ಸುರುಳಿಯ ಮೂಲಕ ಅದರ ಜೋಡಿಯೂ ಶಾರ್ಟ್ ಆದಂತೆ ಕಾಣುತ್ತದೆ. ರಾಯಚೂರಿನ ನನ್ನ ಮೇಜಿನ ಮೇಲೆ ಹೀಗೆಯೇ ಎಷ್ಟೋ ಒಳ್ಳೆಯ ಡಯೋಡ್‌ಗಳು ಕಸದ ಬುಟ್ಟಿ ಸೇರಿವೆ. ಪ್ಲಗ್ ಕಿತ್ತು, ಬ್ಯಾಟರಿ ಬಿಡಿಸಿ, ಕೆಪಾಸಿಟರ್ ಖಾಲಿಯಾದ ಮೇಲೆ ಎರಡರದೂ ಒಂದೊಂದು ಕಾಲನ್ನು ಬೆಸುಗೆಯಿಂದ ಎತ್ತಿ, ಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ, ಬೆಳ್ಳಿ ಪಟ್ಟಿಯ ಬದಿಗೆ ಕಪ್ಪು, ಇನ್ನೊಂದಕ್ಕೆ ಕೆಂಪು ಪ್ರೋಬ್ ಹಿಡಿಯಿರಿ. ಸುಮಾರು 0.5ರಿಂದ 0.7 ವೋಲ್ಟ್ ಬಂದು, ಪ್ರೋಬ್ ಅದಲುಬದಲು ಮಾಡಿದಾಗ ಓಎಲ್ (ಕರೆಂಟ್ ಹರಿಯುತ್ತಿಲ್ಲ ಎಂಬ ಗುರುತು) ಬಂದರೆ ಅದು ಸರಿಯಿದೆ. ಆದರೂ ಜೋಡಿಯ ಶಾರ್ಟ್ ಕರೆಂಟನ್ನು ಹೊತ್ತ ಡಯೋಡನ್ನು ನಾನಂತೂ ಉಳಿಸಿಕೊಳ್ಳುವುದಿಲ್ಲ.