ರೋಟರಿ ಎಂಜಿನ್‌ನ ಸ್ಪೋರ್ಟ್ಸ್ ಕಾರು ಕೊಳ್ಳುವುದು ಜಾಣತನವೇ?

ಓಡಿಸುವ ಸುಖವೇ ಮುಖ್ಯವಾದರೆ ಕೊಳ್ಳಬಹುದು. ಮನೆಯಲ್ಲಿ ಅದೊಂದೇ ಕಾರು ಎಂದಾದರೆ ಬೇಡ.

2003ರಿಂದ 2012ರವರೆಗೆ ತಯಾರಾದ ಮಾಜ್ದಾ ಆರ್‌ಎಕ್ಸ್-8 ಅನ್ನೇ ನೋಡಿ. ಎಂಜಿನ್ ಬರೀ 1.3 ಲೀಟರಿನದು. ಆದರೂ ಆರು ಗೇರಿನ ಮ್ಯಾನ್ಯುಯಲ್ ಮಾದರಿಯಲ್ಲಿ ಅದು ನಿಮಿಷಕ್ಕೆ ಸುಮಾರು 9,000 ಸುತ್ತುಗಳವರೆಗೆ ನಯವಾಗಿ ಏರುತ್ತದೆ. ಮೇಲೆ ಕೆಳಗೆ ಹೊಡೆದಾಡುವ ಪಿಸ್ಟನ್‌ಗಳೇ ಇಲ್ಲ. ತ್ರಿಕೋನಾಕಾರದ ಎರಡು ರೋಟರ್‌ಗಳು ಗೂಡಿನೊಳಗೆ ಸುತ್ತುತ್ತವೆ. ಎಂಜಿನ್ ಚಿಕ್ಕದು, ಹಗುರ. ಹಾಗಾಗಿ ತಿರುವುಗಳಲ್ಲಿ ಕಾರು ಹೇಳಿದಂತೆ ಕೇಳುತ್ತದೆ.

ತೊಂದರೆಯ ಮೂಲವೂ ಆ ತ್ರಿಕೋನವೇ. ಅದರ ಮೂರು ತುದಿಗಳಲ್ಲಿರುವ ಅಪೆಕ್ಸ್ ಸೀಲ್ ಎಂಬ ತೆಳು ಪಟ್ಟಿಗಳು ಗೂಡಿನ ಗೋಡೆಯನ್ನು ಸದಾ ಉಜ್ಜುತ್ತಿರುತ್ತವೆ. ಅವು ಬೇಗ ಸವೆಯದಿರಲೆಂದು ಎಂಜಿನ್ ತಾನೇ ಸ್ವಲ್ಪ ಸ್ವಲ್ಪ ಆಯಿಲ್ ಒಳಗೆ ಬಿಟ್ಟು ಸುಡುತ್ತದೆ. ಆಯಿಲ್ ಮಟ್ಟ ನೋಡಲು ಸೋಮಾರಿತನ ಪಡುವವರು ಈ ಕಾರಿನಿಂದ ದೂರವಿರುವುದೇ ಲೇಸು. ಸೀಲ್ ಸವೆದರೆ ಒತ್ತಡ ಸೋರುತ್ತದೆ, ಇಡೀ ಎಂಜಿನ್ ಬಿಚ್ಚಿ ಕಟ್ಟಬೇಕಾಗುತ್ತದೆ.

ಉರಿಯುವ ಜಾಗ ಉದ್ದವಾಗಿ ಚಪ್ಪಟೆಯಾಗಿರುವುದರಿಂದ ಪೆಟ್ರೋಲ್ ಪೂರ್ತಿ ಸುಡುವುದಿಲ್ಲ; ಮೈಲೇಜ್ ಕೇಳಲೇಬೇಡಿ. ತಣ್ಣಗಿರುವ ಎಂಜಿನ್ ಚಾಲೂ ಮಾಡಿ ತಕ್ಷಣ ಆರಿಸಿದರೆ, ಒಳಗೆ ಪೆಟ್ರೋಲ್ ತುಂಬಿಕೊಂಡು ಮತ್ತೆ ಚಾಲೂ ಆಗದೆ ಹಠ ಹಿಡಿಯುವುದೂ ಉಂಟು.

ಹಳೆಯದನ್ನು ಕೊಳ್ಳುವುದಾದರೆ, ರೋಟರಿ ಬಲ್ಲ ಮೆಕ್ಯಾನಿಕ್‌ನಿಂದ ಕಂಪ್ರೆಷನ್ ಪರೀಕ್ಷೆ, ಅಂದರೆ ಎಂಜಿನ್ ಒಳಗಿನ ಒತ್ತಡ ಸೋರುತ್ತಿದೆಯೇ ಎಂಬ ತಪಾಸಣೆ, ಮಾಡಿಸದೆ ಮುಂಗಡ ಕೊಡಬೇಡಿ.